ಐನೂರು ಕುದುರೆ, ನಾಲ್ಕು ನಿಂಬೆಹಣ್ಣು

"ಹಲೋ… ಹಾಂ, ಶೋರೂಮ್ ರಿ… ಯಾರು ಮಾತಾಡೋದು?… ಕೇಳಸವಲ್ದ್ರಿ, ಜರಾ ಜೋರಾಗಿ… ಯಾರು?… ಓ, ಮಾಮಾ! ನೀವಾ? ಅದೇನು ಸಪ್ಪಳ ಮಾಮಾ, ವಿಮಾನ ಗಿಮಾನ ಹತ್ತೀರೇನು?"

ನೀಲಾ ರಿಸೀವರನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದಳು. ಆದರೂ ಆ ಗುಡುಗು ಮೇಜಿನಾಚೆ ಕುಳಿತಿದ್ದ ಗಿರಾಕಿಗೂ ಕೇಳಿಸಿತು. ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ ನೇತುಹಾಕಿಕೊಂಡೇ ಬಂದಿದ್ದ ಸಾಫ್ಟ್‌ವೇರ್ ಹುಡುಗ ಅವನು. ಅವನ ಮುಂದೆ ಅವಳು ಆಗಷ್ಟೇ ತನ್ನ ನಿತ್ಯದ ಪಾರಾಯಣ ಮುಗಿಸಿದ್ದಳು. ಆರು ಲೀಟರಿಗೂ ಮಿಕ್ಕಿದ ಪೆಟ್ರೋಲ್ ಎಂಜಿನ್ ಸರ್, ಎಂಟು ಸಿಲಿಂಡರ್, ಐನೂರು ಕುದುರೆಗಳ ಬಲ, ನಾಲ್ಕೂ ಚಕ್ರಕ್ಕೆ ಎಳೆತ, ನಿಂತಲ್ಲಿಂದ ನೂರು ಕಿಲೋಮೀಟರ್ ವೇಗಕ್ಕೆ ಐದೇ ಸೆಕೆಂಡು. ಮೈಲೇಜ್ ಎಷ್ಟು ಎಂದು ಕೇಳುವವರು ಈ ಗಾಡಿ ಕೊಳ್ಳುವುದಿಲ್ಲ ಎಂಬುದು ಅವಳ ಅನುಭವ. ಹುಡುಗ ಅದನ್ನೇ ಮೊದಲು ಕೇಳಿದ್ದ.

"ಗಾಡಿ ಮುಟ್ಟಿತಲ್ಲ ಮಾಮಾ?… ಹಾಂ, ಡ್ರೈವರ್ ಶ್ರೀನಿವಾಸ ತಂದು ಬಿಟ್ಟನಲ್ಲ… ಕೀಲಿ ಕೊಟ್ಟು ಹ್ವಾದನಾ?… ನೀವ ಕಳಿಸಿದ್ರಾ? ಯಾಕ್ರಿ?… ಖರೆ, ಪೂಜಿ ಹೊತ್ತಿನ್ಯಾಗ ಬ್ಯಾರೇದೋರು ಸ್ಟೇರಿಂಗ್ ಹಿಡೀಬಾರದು, ಖರೆ. ಆದರ ಮಧ್ಯಾಹ್ನ ನಾನ ಬಂದು ಎಲ್ಲಾ ತೋರಸ್ತೀನಿ ಅಂದಿದ್ನೆಲ್ಲ. ಅಲ್ಲೀತನಕ ಮುಟ್ಟಬ್ಯಾಡ್ರಿ ಅಂದಿದ್ದೆ, ಹೌದಿಲ್ಲೋ?"

ಚನ್ನಬಸಪ್ಪ ಅವಳ ತಾಯಿಯ ಒಡಹುಟ್ಟಿದ ತಮ್ಮ. ಸಿಕಂದರಾಬಾದಿನ ಆಚೆಗಿನ ಗಚ್ಚಿಬೌಲಿ ಇನ್ನೂ ಬರೀ ಬಂಡೆ ಮತ್ತು ಸೀತಾಫಲದ ಪೊದೆಯಾಗಿದ್ದಾಗ ಶಹಾಪುರದ ಕಡೆಯಿಂದ ಬಂದು, ಜಲ್ಲಿಕಲ್ಲಿನ ಟಿಪ್ಪರ್ ಓಡಿಸಿದವನು. ಆಮೇಲೆ ಮೇಸ್ತ್ರಿಯಾದ, ಆಮೇಲೆ ಗುತ್ತಿಗೆದಾರನಾದ. ಈಗ ಅಲ್ಲಿ ಆಕಾಶ ನೋಡುತ್ತ ನಿಂತಿರುವ ಗಾಜಿನ ಕಟ್ಟಡಗಳಲ್ಲಿ ಎಷ್ಟೋ ಕಟ್ಟಡಗಳ ಬುನಾದಿಗೆ ಕಾಂಕ್ರೀಟು ಸುರಿದವರು ಅವನ ಆಳುಗಳೇ. ಅಲ್ಲೇ ಹಿಂದಿನ ಬೀದಿಯಲ್ಲಿ ಮನೆ ಕಟ್ಟಿಸಿದ್ದ. ಆ ಮನೆಯ ಅಂಗಳಕ್ಕೆ ಇವತ್ತು ಬೆಳಿಗ್ಗೆ ಈ ಗಾಡಿ ಹೋಗಿತ್ತು. ಮಾರಿದವಳು ಅಕ್ಕನ ಮಗಳು ನೀಲಾ. ಶೋರೂಮಿನಲ್ಲಿ ಅವಳಿಗೆ ಚಪ್ಪಾಳೆಯೂ ಸಿಕ್ಕಿತ್ತು.

"ಈಗ ಏನಾತು?… ಮುಂದ ಹೋಗವಲ್ದಾ?… ಚಾಲೂ ಆಗೈತಿ, ಗುರ್ ಅಂತೈತಿ, ಹೋಗವಲ್ದು. ಹಾಂ… ನಿಂಬಿಹಣ್ಣಿನ ಮ್ಯಾಲೆ ಗಾಲಿ ಹತ್ತವಲ್ದು…" ನೀಲಾಗೆ ನಗು ಬಂತು. "ಐನೂರು ಕುದುರಿ ಅಂದಿ, ನಾಕು ನಿಂಬಿಹಣ್ಣು ತುಳಿಯಾಕ ಆಗವಲ್ದು ಅಂತೀರಾ? ಇಲ್ಲ ಮಾಮಾ, ನಾ ನಗಾಕತ್ತಿಲ್ಲ."

ಹೊಸ ಗಾಡಿ ಬಂದಾಗ ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು ಇಡುವುದು, ಬಾನೆಟ್ಟಿನ ಮೇಲೆ ಮೂರು ಬೆರಳಿನ ವಿಭೂತಿ ಎಳೆಯುವುದು, ಮುತ್ತೈದೆಯೊಬ್ಬಳು ಗಾಡಿಯ ಎದುರಿಗೆ ಆರತಿ ಹಿಡಿದು ನಿಲ್ಲುವುದು, ಯಜಮಾನ ತಾನೇ ಗಾಡಿ ಮುಂದಕ್ಕೆ ಹಾಯಿಸಿ ಹಣ್ಣು ಒಡೆಯುವುದು ಅವರ ಮನೆಯ ರೂಢಿ. ಹಣ್ಣು ಒಡೆಯುವವರೆಗೆ ಆರತಿ ಕದಲುವ ಹಾಗಿಲ್ಲ. ಟಿಪ್ಪರಿಗೂ ಹಾಗೇ ಮಾಡಿದ್ದರು, ಹಳೆಯ ಜೀಪಿಗೂ ಹಾಗೇ. ಅವು ಗೊರಗೊರ ಎನ್ನುತ್ತ ಒಂದು ಮೊಳ ಸರಿದು ನಿಂತಿದ್ದವು.

"ಗೇರಿನ ಡಂಡಿ ಎಲ್ಲಿ ಐತಿ ಮಾಮಾ?… ಡಿ ಮ್ಯಾಲೆ. ಸರಿ ಐತಿ… ಹ್ಯಾಂಡ್‌ಬ್ರೇಕ್?… ಅದನ್ನೂ ತಗದೀರಿ. ಮತ್ತ ತಾನ ಹೋಗಬೇಕಲ್ಲ… ಒಮ್ಮಿ ಜಿಗೀತಾ?… ಎಷ್ಟು?… ಒಂದು ಬೆರಳಷ್ಟು. ಆಮ್ಯಾಲೆ?… ಆಮ್ಯಾಲೆ ನೀವು ಗಾಬರ್ಯಾಗಿ ಏನು ಒತ್ತಿದ್ರಿ?… ಕೇಳಸಲಿಲ್ಲ, ಇನ್ನೊಮ್ಮಿ ಹೇಳ್ರಿ… ಕ್ಲಚ್ಚಾ?"

…

ನೀಲಾಳ ಕೈಯಲ್ಲಿದ್ದ ಪೆನ್ನು ಕೆಳಗೆ ಬಿತ್ತು.

ಆ ಗಾಡಿಗೆ ಕ್ಲಚ್ಚೇ ಇಲ್ಲ. ಕಾಲ ಕೆಳಗೆ ಇರುವುದು ಎರಡೇ ಪೆಡಲು. ಬಲಕ್ಕೆ ಎಕ್ಸಲೇಟರು, ಅದರ ಎಡಕ್ಕೆ ಇಟ್ಟಿಗೆಯಷ್ಟು ಅಗಲದ ಬ್ರೇಕು. ಎಡಗಾಲಿಗೆ ಆ ಗಾಡಿಯಲ್ಲಿ ಕೆಲಸವೇ ಇಲ್ಲ. ಆದರೆ ಮಾಮನ ಎಡಗಾಲು ನಲವತ್ತು ವರ್ಷ ಕ್ಲಚ್ಚಿನ ಮೇಲೆ ದುಡಿದ ಕಾಲು. ಅದು ಸುಮ್ಮನೆ ಕೂರುವುದುಂಟೇ? ಅದು ಹೋಗಿ ಬ್ರೇಕಿನ ಮೇಲೆ ಕುಳಿತಿತ್ತು. ಅದನ್ನೇ ಕ್ಲಚ್ಚು ಎಂದುಕೊಂಡು ಅವನು ಬಲಗಾಲಿನಿಂದ ರೇಸ್ ಕೊಡುತ್ತಿದ್ದ, ತುಂಬಿದ ಟಿಪ್ಪರನ್ನು ಏರಿನಲ್ಲಿ ಎತ್ತುವವನ ಹಾಗೆ.

ಪಂದ್ಯದಲ್ಲಿ ಓಡಿಸುವವರು ಬೇಕೆಂದೇ ಮಾಡುವುದು ಇದನ್ನು. ಎಡಗಾಲಲ್ಲಿ ಬ್ರೇಕು ಹಿಡಿದು, ಬಲಗಾಲಲ್ಲಿ ಎಂಜಿನ್ನಿನ ದಮ್ಮು ಪೂರ್ತಿ ಏರಿಸಿ, ಒಮ್ಮೆಲೆ ಎಡಗಾಲು ಎತ್ತುವುದು. ಅವಳು ಎಲ್ಲರೆದುರೂ ಒಪ್ಪಿಸುತ್ತಿದ್ದ ಐದು ಸೆಕೆಂಡಿನ ಗುಟ್ಟು ಅದೇ. ಮಾಮ ಗೊತ್ತಿಲ್ಲದೆಯೇ ಆ ಐನೂರು ಕುದುರೆಗಳನ್ನು ಒಂದು ಕಾಲಿನ ಕೆಳಗೆ ಹಿಡಿದು ಕುಳಿತಿದ್ದ.

"ಮಾಮಾ… ಮಾಮಾ, ಗಾಡಿ ಮುಂದ ಯಾರ ಅದಾರ?… ಆರತಿ ಹಿಡಕೊಂಡು ಯಾರು ನಿಂತಾರ?… ಅವ್ವನಾ?… ನಮ್ಮವ್ವನಾ?"

…

ಅವ್ವ ಸುಭದ್ರಾ ಬೆಳಿಗ್ಗೆಯೇ ಸಿಕಂದರಾಬಾದಿನಿಂದ ಬಸ್ಸು ಹಿಡಿದು ತಮ್ಮನ ಮನೆಗೆ ಹೋಗಿದ್ದಳು. ಹೋಗುವಾಗ "ನಿನ್ನ ಗಾಡಿಗೆ ನಾನ ಆರತಿ ಮಾಡ್ತೀನಿ" ಎಂದು ಮಗಳಿಗೆ ಹೇಳಿಯೇ ಹೋಗಿದ್ದಳು. ಮನೆಯ ಕಡೆ ಮುಖ ಮಾಡಿ ನಿಂತ ಗಾಡಿ, ಅದರ ಮುಂದೆ ಅವ್ವ, ಅವ್ವನ ಬೆನ್ನಿಗೆ ಪೋರ್ಟಿಕೋದ ಕಲ್ಲಿನ ಕಂಬ. ನೀಲಾ ಆ ಅಂಗಳವನ್ನು ಚೆನ್ನಾಗಿ ಬಲ್ಲಳು. ಅಲ್ಲಿ ಓಡಿಹೋಗಲು ಜಾಗವಿರಲಿಲ್ಲ. ತಾನು ಎದ್ದು ನಿಂತದ್ದೂ ಅವಳಿಗೆ ತಿಳಿಯಲಿಲ್ಲ.

ಅದು ಕ್ಲಚ್ಚಲ್ಲ ಮಾಮಾ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ತುಟಿ ಕಚ್ಚಿ ನುಂಗಿದಳು. ಅದು ಕ್ಲಚ್ಚಲ್ಲ ಎಂದರೆ ಯಾವ ಮನುಷ್ಯನಾದರೂ ಮೊದಲು ಕಾಲು ತೆಗೆದು ಬಗ್ಗಿ ನೋಡುತ್ತಾನೆ. ಅವ್ವ ಸಾಯ್ತಾಳ ಎಂದು ಕಿರುಚಿದರೂ ಅಷ್ಟೇ, ಬೆಚ್ಚಿಬಿದ್ದವನ ಕಾಲು ಎಲ್ಲಿ ಹೋಗುತ್ತದೆಂದು ಯಾರು ಕಂಡವರು. ದಿನವೆಲ್ಲ ಗಾಡಿಯ ಬಗ್ಗೆ ನಿಜ ಹೇಳಿಯೇ ಹೊಟ್ಟೆ ಹೊರೆಯುವವಳು ಈಗ ಸುಳ್ಳು ಹೇಳಬೇಕಿತ್ತು.

"ಮಾಮಾ, ಕ್ಲಚ್ ಬಿಡಬ್ಯಾಡ್ರಿ… ಹೌದ್ರಿ, ಕ್ಲಚ್ಚ. ಎಡಗಾಲಾಗ ಐತೆಲ್ಲ, ಅದ. ಗಟ್ಟಿಯಾಗಿ ಒತ್ತಿ ಹಿಡೀರಿ… ಹಾಂ, ಹಿಂಗ. ಈಗ ಎಕ್ಸಲೇಟರ್ ಬಿಡ್ರಿ. ಅದನ್ನಷ್ಟ… ಬಂದ್ ಆಗಂಗಿಲ್ರಿ… ಟಿಪ್ಪರ್ ಬ್ಯಾರೆ, ಇದು ಬ್ಯಾರೆ ಮಾಮಾ… ಅಲ್ಲ, ನನಗ ಹೆಚ್ಚು ಗೊತ್ತೈತಿ ಅಂತಲ್ಲ…"

…

"ನೀವು ಸ್ಟೇರಿಂಗ್ ಹಿಡದಾಗ ನಾ ಹುಟ್ಟಿರಲಿಲ್ಲ, ಖರೆ… ಇನ್ನೂ ರೇಸ್ ಕೊಟ್ಟು ಒಮ್ಮೆಲೆ ಬಿಡ್ತೀರಾ? ಬ್ಯಾಡ್ರಿ! ಬ್ಯಾಡ್ರಿ ಮಾಮಾ, ಒಂದ ನಿಮಿಷ… ರಾಹುಕಾಲ ಬಂತಾ? ಬರ್ಲಿ ಬಿಡ್ರಿ… ಹಂಗ ಅನಬಾರದು, ತಪ್ಪಾತು. ಸಿಟ್ಟಾಗಬ್ಯಾಡ್ರಿ. ಕ್ಲಚ್ ಒತ್ತೀರೆಲ್ಲ?… ಒತ್ತಿರಬೇಕು ನೋಡ್ರಿ… ಮಾಮಾ, ಅವ್ವಗ ಜರಾ ಬಾಜೂಕ ಸರೀ ಅನ್ರಿ… ಯಾಕಂದ್ರ… ಹೊಗಿ ಬರ್ತೈತಿ, ಅದಕ್ಕ… ಕೂಗ್ರಿ ಮಾಮಾ…"

…

"ಏನಂದಳು?… ಹಣ್ಣು ಒಡಿಯೂತನಕ ಸರಿಯಂಗಿಲ್ಲ ಅಂತಾಳಾ?"

ಅನ್ನುತ್ತಾಳೆ, ಯಾಕೆ ಅನ್ನುವುದಿಲ್ಲ. ಆ ಮನೆತನದಲ್ಲಿ ಚನ್ನಬಸಪ್ಪನ ಹಟ ದೊಡ್ಡದು ಎಂದು ಊರೆಲ್ಲ ಹೇಳುತ್ತದೆ. ಅವನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕನ ಹಟವನ್ನು ಊರು ನೋಡಿಲ್ಲ. ಕೈಯಲ್ಲಿ ಆರತಿ ಹಿಡಿದ ಸುಭದ್ರಾಳನ್ನು ಸರಿಸಲು ಹೊಗೆ, ಬಿಸಿಲು, ಸೊಂಟನೋವು ಯಾವುದೂ ಸಾಲದು. ನೀಲಾ ಕಣ್ಣು ಮುಚ್ಚಿದಳು. ಅವ್ವ ಯಾವುದಕ್ಕೆ ಎಲ್ಲ ಬಿಟ್ಟು ಓಡಿಬರುತ್ತಾಳೆ ಎಂದು ಹುಡುಕಿದಳು. ಒಂದೇ ಒಂದು ಮಾತು ಸಿಕ್ಕಿತು.

"ಮಾಮಾ, ಇದನ್ನ ಕೂಗಿ ಹೇಳ್ರಿ. ನೀಲಾ ಒಪ್ಯಾಳ ಅನ್ರಿ… ಹಾಂ, ಆ ನಿತಿನನ್ನ. ಅವನ್ನ ಮದಿವಿ ಆಗ್ತೀನಿ ಅಂತಾಳ ಅನ್ರಿ… ಈಗ, ಈಗಿಂದೀಗ! ಲೈನಿನ ಮ್ಯಾಲೆ ಅದಾಳ, ನೀನ ಬಂದು ಮಾತಾಡು ಅಂತಾಳ ಅನ್ರಿ… ಮಾಮಾ, ನಿಮ್ಮ ಕಾಲಿಗೆ ಬೀಳ್ತೀನಿ, ಕೂಗ್ರಿ… ಕ್ಲಚ್ ಒತ್ತಿಕೊಂಡ ಕೂಗ್ರಿ!"

ನಿತಿನ ಗಚ್ಚಿಬೌಲಿಯ ಕಂಪನಿಯೊಂದರಲ್ಲಿದ್ದ ಹುಡುಗ, ಧಾರವಾಡದ ಕಡೆಯವನು. ಅವನಪ್ಪ ನೀಲಾಳ ಅಪ್ಪನ ಜೊತೆ ರಕ್ಷಣಾ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ನೋಡಲು ಬಂದಾಗ ಅವನು ತಾನು ಕೊಂಡ ಫ್ಲಾಟಿನ ಚದರಡಿಯ ಬಗ್ಗೆ ಒಂದು ಗಂಟೆ ಮಾತಾಡಿ, ಅವಳ ಹೆಸರನ್ನೊಮ್ಮೆ ತಪ್ಪಾಗಿ ಕರೆದು ಹೋಗಿದ್ದ. ಅವ್ವನಿಗೆ ಮಾತ್ರ ಅವನು ಬಂಗಾರ. ನಾಲ್ಕು ತಿಂಗಳಿಂದ ತಾಯಿ ಮಗಳು ಇದೇ ವಿಷಯಕ್ಕೆ ಮುಖ ಊದಿಸಿಕೊಂಡು ಊಟ ಮಾಡುತ್ತಿದ್ದರು.

ಆ ಕಡೆ ಎಂಜಿನ್ನಿನ ಗುಡುಗಿನ ಮೇಲೆ ಮಾಮನ ಕೂಗು ಕೇಳಿಸಿತು. ಅಕ್ಕಾ ಎಂದದ್ದು ಕೇಳಿಸಿತು, ಮುಂದಿನದು ಕೇಳಿಸಲಿಲ್ಲ. ಈ ಕಡೆ ಸಾಫ್ಟ್‌ವೇರ್ ಹುಡುಗ ಏನಾಯಿತು ಎಂದು ಕೈಸನ್ನೆಯಲ್ಲಿ ಕೇಳಿದ. ಅವಳು ಅವನನ್ನು ನೋಡಲೇ ಇಲ್ಲ.

…

"ಅವ್ವಾ? ಅವ್ವಾ!… ಎಲ್ಲಿ ನಿಂತಿ?… ಗಾಡಿ ಬಾಗಲ ಬಾಜೂಕ. ಕಿಡಕಿ ಹತ್ರ. ಅಲ್ಲೇ ನಿಂದರು, ಅಲ್ಲಿಂದ ಹಂದಬ್ಯಾಡ… ಹೇಳ್ತೀನಿ, ಎಲ್ಲಾ ಹೇಳ್ತೀನಿ… ಆರಾಮ ಅದೀನಿ… ಹೌದವ್ವಾ, ಶೋರೂಮಿನ್ಯಾಗ ಅದೀನಿ, ಮತ್ತೆಲ್ಲಿ ಇರ್ಲಿ… ನನಗೇನಾಗಿಲ್ಲ. ಖರೇನೂ ಏನಾಗಿಲ್ಲ…"

…

"ಅವ್ವಾ, ತಟ್ಟಿ ಎಲ್ಲಿ?… ಆರತಿ ತಟ್ಟಿ. ಯಾರ ಕೈಯಾಗ ಕೊಟ್ಟು ಬಂದಿ?… ವನಜತ್ತಿ? ವನಜತ್ತಿ ಈಗ ಎಲ್ಲಿ ನಿಂತಾಳ?"

ಹಚ್ಚಿದ ಆರತಿಯನ್ನು ನೆಲಕ್ಕೆ ಇಡುವ ಹಾಗಿಲ್ಲ, ಕೈಯಿಂದ ಕೈಗೇ ಹೋಗಬೇಕು. ಚನ್ನಬಸಪ್ಪನ ಹೆಂಡತಿ ವನಜಾ ತಟ್ಟೆ ಇಸಿದುಕೊಂಡು ಅದೇ ಜಾಗದಲ್ಲಿ, ಅದೇ ಕಂಬಕ್ಕೆ ಬೆನ್ನು ಮಾಡಿ ನಿಂತಿದ್ದಳು. ಅವ್ವ ಅಲ್ಲಿಲ್ಲ ಎಂದು ನೀಲಾಗೆ ಒಂದು ಗಳಿಗೆ ಎಷ್ಟು ಸಮಾಧಾನವಾಯಿತೆಂದರೆ ಕಣ್ಣಲ್ಲಿ ನೀರು ಬಂತು. ಮರುಗಳಿಗೆಯೇ ನಾಚಿಕೆಯಾಯಿತು. ಚಿಕ್ಕವಳಿದ್ದಾಗ ತಲೆ ಬಾಚಿ ಎರಡು ಜಡೆ ಹೆಣೆದ ಅತ್ತೆ ಅವಳು.

"ಅತ್ತೀನ್ನ ಕರಿ… ಅಲ್ಲ, ನೀ ಹೋಗಬ್ಯಾಡ! ಅವ್ವಾ, ನೀ ಹೋಗಬ್ಯಾಡ, ಅಲ್ಲಿಂದನ ಕರಿ… ಕೇಳಸವಲ್ದಾ ಆಕಿಗೆ?… ಮಾಮಾ ಏನಂತಾನ?… ವ್ಯಾಳೆ ಮೀರಾಕತ್ತೈತಿ, ಬಿಟ್ಟ ಬಿಡ್ತೀನಿ ಅಂತಾನಾ?… ಅವ್ವಾ, ಮಾಮಾನ ಹೆಗಲ ಮ್ಯಾಲೆ ಕೈ ಇಡು. ಇಟ್ಟೀ?… ಗಟ್ಟಿಯಾಗಿ ಇಡು. ಈಗ ನಾ ಹೇಳಿದ್ದನ್ನ ಹಂಗಂದ್ರ ಹಂಗ ಹೇಳು. ಒಂದು ಅಕ್ಷರ ಹೆಚ್ಚುಕಮ್ಮಿ ಮಾಡಬ್ಯಾಡ."

ಏನು ಹೇಳಿಸುವುದು? ಎಕ್ಸಲೇಟರ್ ಬಿಡು ಎಂದರೆ ಎಂಜಿನ್ ಬಂದಾಗುತ್ತದೆ ಎನ್ನುತ್ತಾನೆ. ಸ್ವಯಂಚಾಲಿತ ಗೇರು, ಟಾರ್ಕು, ಅದು ಇದು ಎಂದು ಅವಳಿಗೆ ಬಾಯಿಪಾಠವಿದ್ದ ಮಾತುಗಳೆಲ್ಲ ಆ ಹೊತ್ತಿಗೆ ಮೂರು ಕಾಸಿನ ಉಪಯೋಗಕ್ಕೂ ಬರಲಿಲ್ಲ. ಅವನಿಗೆ ಗೊತ್ತಿದ್ದದ್ದು ಟಿಪ್ಪರು. ಟಿಪ್ಪರಿನಲ್ಲಿ ಕ್ಲಚ್ಚು ಒತ್ತಿಹಿಡಿದು ಬಲಗಾಲನ್ನು ತಾನಾಗಿ ಎತ್ತುವುದು ಯಾವಾಗ?

"ಗೇರ್ ಬದಲಿ ಮಾಡು ಅನ್ನು… ಹಾಂ, ಅಷ್ಟ. ಗೇರ್ ಬದಲಿ ಮಾಡು, ತಮ್ಮಾ, ಅನ್ನು… ಡಿಯಿಂದ ಮ್ಯಾಲಕ್ಕ, ಎಲ್ಲಾದರ ತುದೀಗೆ, ಪಿ ಅಂತ ಬರದೈತಿ, ಅಲ್ಲಿಗೆ. ಟಿಪ್ಪರಿನ್ಯಾಗ ಹ್ಯಾಂಗ ಬದಲಿ ಮಾಡ್ತಿದ್ದೆಲ್ಲ, ಹಂಗ. ಮೊದಲ ಬಲಗಾಲು ಎತ್ತು, ಆಮ್ಯಾಲೆ ಡಂಡಿ. ಎಡಗಾಲು ಒತ್ತಿದ್ದು ಒತ್ತಿದಂಗ ಇರ್ಲಿ… ಯಾಕ ಅಂತ ಕೇಳ್ತಾನಾ? ಅಕ್ಕ ಹೇಳಾಕತ್ತೀನಿ, ಅದಕ್ಕ, ಅನ್ನು! ಬೈ ಅವ್ವಾ ಅವಗ!"

…

ಅವ್ವ ಬೈದದ್ದು ಕೇಳಿಸಿತು. ನೀಲಾ ಹುಟ್ಟಿದ ಮೇಲೆ ಆ ದನಿಯನ್ನು ಕೇಳಿರಲಿಲ್ಲ. ಅರವತ್ತು ದಾಟುತ್ತಿದ್ದ ಗುತ್ತಿಗೆದಾರನನ್ನಲ್ಲ, ಕೆರೆಯ ದಂಡೆಗೆ ಹೋಗಿ ನಿಂತ ಚೋಟುದ್ದದ ಹುಡುಗನನ್ನು ಗದರಿಸುವ ದನಿ ಅದು.

…

ಗುಡುಗು ಇಳಿಯಿತು. ಒಲೆಯ ಮೇಲಿಂದ ಇಳಿಸಿದ ಹಾಲಿನ ಹಾಗೆ ಉಕ್ಕು ಕುಸಿದು, ಎಂಜಿನ್ನು ಮೆಲ್ಲಗೆ ಗುನುಗುತ್ತ ಉಳಿಯಿತು.

"ಡಂಡಿ ಎಲ್ಲಿ ಐತಿ ನೋಡು… ಪಿ ಅಂತ ಕಾಣತೈತಾ? ಗೂಟಕ್ಕ ಹೊಟ್ಟಿ ಬಂದಂಗ ಇರೂ ಇಂಗ್ಲೀಷ್ ಅಕ್ಷರ… ಅಲ್ಲೇ ಐತಾ? ಖರೇನಾ?… ಈಗ ಕೀಲಿ ತಿರುವು ಅನ್ನು… ತಿರುವಿದನಾ?"

ಸದ್ದು ನಿಂತಿತು. ಆ ಅಂಗಳದಲ್ಲಿ ಎಲ್ಲೋ ನೀರಿನ ಮೋಟಾರು ಓಡುತ್ತಿರುವುದು ಈಗ ಕೇಳಿಸಿತು. ನೀಲಾ ಕುರ್ಚಿಯಲ್ಲಿ ಕುಳಿತಳು. ಎದುರಿನ ಹುಡುಗ ಎದ್ದು ಅವಳಿಗೆ ನೀರಿನ ಲೋಟ ಸರಿಸಿದ.

"ಅವ್ವಾ, ಕೀಲಿ ನೀ ಇಸಗೋ… ನಿನ್ನ ಕೈಯಾಗ ಬಂತಾ? ಗಟ್ಟಿ ಹಿಡಿ… ಈಗ ಎಡಗಾಲು ಎತ್ತು ಅನ್ನು. ಎತ್ತಲಿ, ಏನಾಗಂಗಿಲ್ಲ… ಎತ್ತಿದನಾ? ಈಗ ಬಗ್ಗಿ ನೋಡು ಅನ್ನು. ಎಷ್ಟು ಪೆಡಲು ಅದಾವು ಎಣಸು ಅನ್ನು…"

…

"ಹಾಂ. ಎರಡ. ಅದರಾಗ ಕ್ಲಚ್ ಇಲ್ಲವ್ವಾ. ಅವ ಒತ್ತಿ ಹಿಡದದ್ದು ಬ್ರೇಕ. ಬಿಟ್ಟಿದ್ರ… ಏನು ಮಾಡಾಕತ್ತಾನ ಮಾಮಾ?… ಅತ್ತೀನ್ನ ನೋಡಕೊಂತ ಕುಂತಾನಾ? ಕುಂದರಲಿ ಬಿಡು, ಜರಾ ಹೊತ್ತು ಕುಂದರಲಿ… ರಾಹುಕಾಲ ಹತ್ತಿದ್ರ ಹತ್ತಲಿ. ನಾ ಬಂದು ಹಣ್ಣು ಒಡಸ್ತೀನಿ. ಎಲ್ಲಾರೂ ಹಿಂದ ನಿಂತು ಆರತಿ ಮಾಡ್ರಿ."

…

"ಅವ್ವಾ, ಇನ್ನೊಂದು ಮಾತು… ಆ ನಿತಿನನ ಮಾತು. ಅದು… ನಾ ಸುಳ್ಳು ಹೇಳಿದ್ನವ್ವಾ. ನೀ ಗಾಡಿ ಮುಂದಿಂದ ಸರೀವಲ್ಲಿ, ನನಗ ಬ್ಯಾರೇನೂ ಹೊಳೀಲಿಲ್ಲ. ಆಸೆ ಹಚ್ಚಿದೆ, ಸಿಟ್ಟಾಗಬ್ಯಾಡ…"

…

"ಹ್ಯಾಂಗಿದ್ರೂ ಆಗದ ಮಾತಾ? ಯಾಕ?… ಏನು? ಅವರು ಬ್ಯಾರೆ ಕಡೆ ನಿಶ್ಚಯ ಮಾಡ್ಯಾರಾ? ಯಾವಾಗ?… ಹ್ವಾದ ವಾರನ? ಮತ್ತ ನನಗ ಒಂದು ಮಾತು ಹೇಳಲಿಲ್ಲಲ್ಲ…"

ನೀಲಾಗೆ ನಗಬೇಕೋ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ವಾರದಿಂದ ಅವ್ವ ಇಲ್ಲದ ಸಂಬಂಧಕ್ಕೆ ಮುಖ ಊದಿಸಿಕೊಂಡು ಕುಳಿತಿದ್ದಳು, ಮಗಳ ಮುಂದೆ ಸೋಲಬಾರದೆಂದು. ಆಮೇಲೆ ಇನ್ನೊಂದು ವಿಚಾರ ಬಂತು.

"ಅಲ್ಲವ್ವಾ, ಅವಗ ಬ್ಯಾರೆ ಕಡೆ ನಿಶ್ಚಯ ಆಗೈತಿ ಅಂತ ನಿನಗ ಗೊತ್ತಿದ್ದ ಮ್ಯಾಲೆ, ನಾ ಒಪ್ಪೀನಿ ಅಂದ್ರ ನೀ ಯಾಕ ಆರತಿ ಬಿಟ್ಟು ಓಡಿ ಬಂದಿ?"

…

"ಹಾಂ… ಹಾಂ… ನನಗ? ನನಗೇನಾಗ್ತೈತಿ?…"

…

"ನಾನಾಗೇ ಒಪ್ಪೀನಿ ಅಂದ್ರ ಏನೋ ಕೆಟ್ಟದ್ದು ಆಗೇ ಇರಬೇಕು ಅನಕೊಂಡ್ಯಾ?… ದವಾಖಾನ್ಯಾಗಿಂದ ಮಾತಾಡಾಕತ್ತಾಳ, ಕಡೀ ಮಾತು ಆಡಾಕತ್ತಾಳ, ಅಂತ?…"

ನೀಲಾ ಹಣೆಗೆ ಕೈ ಹಚ್ಚಿ ಕುಳಿತಳು. ಕಿಟಕಿಗೆ ಬಂದಾಗ ಅವ್ವ ನಿತಿನನ ಹೆಸರನ್ನೇ ಎತ್ತಿರಲಿಲ್ಲ. ಎಲ್ಲಿದ್ದಿ, ಆರಾಮ ಇದ್ದೀಯಾ, ಇಷ್ಟನ್ನೇ ಮತ್ತೆ ಮತ್ತೆ ಕೇಳಿದ್ದಳು. ಅವಳ ಜೀವ ಉಳಿಸಲು ತಾನು ಇಲ್ಲಿ ಹೆಣಗುತ್ತಿದ್ದಾಗ, ಅವಳು ಅಲ್ಲಿ ಮಗಳ ಜೀವಕ್ಕೆ ಹೆದರಿ ಕೈಯಲ್ಲಿದ್ದ ದೇವರ ಕೆಲಸವನ್ನೇ ಬಿಟ್ಟು ಬಂದಿದ್ದಳು. ನೀಲಾಗೆ ಅಳು ತಡೆಯಲಾಗಲಿಲ್ಲ. ಸಾಫ್ಟ್‌ವೇರ್ ಹುಡುಗ ಮರ್ಯಾದೆಯಿಂದ ಮುಖ ಆ ಕಡೆ ತಿರುಗಿಸಿದ.

"ಇಲ್ಲವ್ವಾ, ನಾ ಎಲ್ಲಿ ಅಳಾಕತ್ತೀನಿ… ನೀ ಅಳಬ್ಯಾಡ ಮೊದಲ… ಬರ್ತೀನಿ, ಈಗ ಹೊಂಟೆ… ಹ್ಞೂಂ, ಆಟೋ ಹಿಡದು ಬರ್ತೀನಿ… ಅವ್ವಾ, ಕೇಳಿಲ್ಲೆ. ನಿನಗೇನರ ಆಗಿದ್ರ ನಾನು…"

…

"ಹಲೋ?… ಅವ್ವಾ?… ಕೇಳಾಕತ್ತಿಯಿಲ್ಲೋ?… ಲೈನ್ ಕಟ್ಟಾತೇನು?… ಹಲೋ…"